ಖಂಡೆಪ್ಪನ ಐದು ಮಂದಿ ಏಜೆಂಟರು

ಖಂಡೆಪ್ಪನಿಗೆ ಪ್ರಿಂಟರ್ ರಿಪೇರಿ ಮಾಡಲು ಬರುತ್ತಿತ್ತು ಎಂದು ಯಾರಾದರೂ ಹೇಳಿದರೆ ನಂಬಬಾರದು. ನಡೆದದ್ದು ಇಷ್ಟೇ. ಇಂಡಿ ಪಟ್ಟಣದ ಲಿಂಬೆ ಬೆಳೆಗಾರರ ಸಂಘದ ಕಚೇರಿಯಲ್ಲಿ ಒಂದು ದಿನ ಪ್ರಿಂಟರ್ ಕಾಗದ ನುಂಗಿ ಕೂತಿತು. ವಿಜಯಪುರದಿಂದ ಬಂದ ಮೆಕ್ಯಾನಿಕ್ ನೋಡಿ, ತಲೆ ಕೆರೆದುಕೊಂಡು, ಚಹಾ ಕುಡಿದು ಹೊರಟುಹೋದ. ಎಷ್ಟೋ ವರ್ಷಗಳಿಂದ ಮೂಲೆಯಲ್ಲಿ ರಸೀದಿ ಬರೆಯುತ್ತಿದ್ದ ಖಂಡೆಪ್ಪ ನೀರು ಕುಡಿಯಲು ಎದ್ದಾಗ ಅವನ ಮೊಣಕೈ ತಗುಲಿತು, ಪ್ರಿಂಟರ್ ಗುರ್ ಎಂದು ಕಾಗದ ಉಗುಳಿತು. ಅಧ್ಯಕ್ಷ ಪರಮಾನಂದ ಸಾಹುಕಾರರು ಅದನ್ನು ಕಣ್ಣಾರೆ ಕಂಡರು. ಮರುದಿನದಿಂದ ಖಂಡೆಪ್ಪ ಸಂಘದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಈ ನೇಮಕಕ್ಕೆ ವಿರೋಧವೂ ಬರಲಿಲ್ಲ.

ಸಂಘಕ್ಕೆ ಇಂಡಿಯಲ್ಲಿ ಮುಖ್ಯ ಕಚೇರಿ. ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಗಳಲ್ಲಿ ಒಂದೊಂದು ಶಾಖೆ. ರೈತ ತಂದ ಲಿಂಬೆಯ ತೂಕ, ಆ ದಿನದ ಧಾರಣೆ ಅವನ ಮೊಬೈಲಿಗೆ ಹೋಗಬೇಕೆಂದು ಹಿಂದೆ ಯಾರೋ ಗುತ್ತಿಗೆದಾರ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದ. ಅದಕ್ಕಾಗಿ ಕ್ಲೌಡ್ ಎಂಬಲ್ಲಿ, ಅಂದರೆ ಎಲ್ಲೋ ದೂರದ ಕಂಪನಿಯ ಕಟ್ಟಡದಲ್ಲಿ, ಕೆಲವು ಕಂಪ್ಯೂಟರುಗಳನ್ನು ಬಾಡಿಗೆ ಹಿಡಿದಿದ್ದ. ಅವಕ್ಕೆ ಹೆಸರಿಡುವಾಗ ಹೆಚ್ಚು ತಲೆ ಕೆಡಿಸಿಕೊಳ್ಳದೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಊರುಗಳ ಹೆಸರನ್ನೇ ಇಟ್ಟ. ಆಮೇಲೆ ಗುತ್ತಿಗೆದಾರ ಹೋದ, ಬಾಡಿಗೆ ಉಳಿಯಿತು. ಉಳಿದದ್ದು ಸುಮ್ಮನಿರದೆ ಬೆಳೆಯತೊಡಗಿತು.

ಒಂದು ಬೆಳಿಗ್ಗೆ ಪರಮಾನಂದ ಸಾಹುಕಾರರು ಖಂಡೆಪ್ಪನನ್ನು ಕರೆದರು.

“ಯಾವ ಮಷೀನು ದುಡಿಯಾಕತ್ತಾವು, ಯಾವು ಸುಮ್ಮ ಕುಂತ ಬಾಡಿಗಿ ತಿನ್ನಾಕತ್ತಾವು, ವಾರ್ಷಿಕ ಸಭಾದಾಗ ಎಲ್ಲಾರ ಮುಂದ ಹೇಳಬೇಕು ನೀ. ಮುಖ್ಯಸ್ಥ ಅದಿ. ಆಗಂಗಿಲ್ಲಂದ್ರ ಈಗs ಹೇಳು, ಮತ್ತ ರಸೀದಿ ಬರಿಯಾಕ ಕುಂಡ್ರು.”

“ಅದೇನ ದೊಡ್ಡ ಮಾತರಿ ಸಾಹುಕಾರ್ರ, ಮಾಡ್ತೇನಿ,” ಎಂದ ಖಂಡೆಪ್ಪ. ಅವನಿಗೆ ಗೊತ್ತಿಲ್ಲದ ಕೆಲಸವನ್ನು ಒಪ್ಪಿಕೊಳ್ಳುವಾಗ ಅವನ ದನಿ ಯಾವತ್ತೂ ನಡುಗುತ್ತಿರಲಿಲ್ಲ. ಗೊತ್ತಿರುವ ಕೆಲಸಕ್ಕೆ ಮಾತ್ರ ಸ್ವಲ್ಪ ಹಿಂದೆಮುಂದೆ ನೋಡುತ್ತಿದ್ದ.

ಅವನ ಧೈರ್ಯಕ್ಕೆ ಕಾರಣ ಸೌಂದರ್ಯಾ. ಗೊಳಸಂಗಿಯ ಅವನ ಗೆಳೆಯನ ಮಗಳು. ವಿಜಯಪುರದಲ್ಲಿ ಇಂಥ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದೇ ಅವಳ ಉದ್ಯೋಗ. ಖಂಡೆಪ್ಪ ಬಸ್ಸು ಹತ್ತಿ ಅವಳ ಕಚೇರಿಗೆ ಹೋದ. ಅವಳು ಎಲ್ಲವನ್ನೂ ಕೇಳಿ, ಒಂದು ಲ್ಯಾಪ್‌ಟಾಪ್ ಸಿದ್ಧಮಾಡಿ ಅವನ ಮುಂದಿಟ್ಟಳು.

“ನೋಡ್ರಿ ಕಾಕಾ, ನಿಮ್ಮ ಕೈಯಾಗ ನಡಿಯೂ ಮಷೀನು ಕೊಡಂಗಿಲ್ಲ ನಾ. ಒತ್ತಬಾರದ್ದ ಒತ್ತಿದ್ರ ನಾಲ್ಕ ತಾಲ್ಲೂಕಿನ ಲಿಂಬಿ ರಸ್ತಾದಾಗ ನಿಂದರ್ತಾವು. ಅದಕ್ಕ ಆ ಮಷೀನಿನ ಮಾಹಿತಿ ಎಲ್ಲಾ ಮಾರ್ಚದಾಗ ನೀವು ಬಾಡಿಗಿ ಬಿಲ್ಲ ತೋರಸಾಕ ಬಂದಾಗ ಒಮ್ಮೆ ತಗದ ಉಳಿಸಿಟ್ಟೇನಿ. ಅದನ್ನ ಇದ್ರಾಗ ಲೋಡ್ ಮಾಡ್ರಿ. ಒಳಗ ಐದು ಏಜೆಂಟ್ ಅದಾವು, ಅಂದ್ರ ತಾವs ಕೆಲಸ ಮಾಡೂ ಪ್ರೋಗ್ರಾಮು. ಅವು ಎಲ್ಲಾ ಓದಿ, ಯಾವುದು ಮಲಗೇತಿ, ಯಾವುದರ ಬಾಗಲಾ ತೆರದೈತಿ, ಎಲ್ಲಿ ಒಂದ ಕೆಲಸಕ್ಕ ಎರಡ ಅದಾವು, ಕನ್ನಡದಾಗ ಹೇಳ್ತಾವು.”

“ನೆಟ್ಟು?”

“ಬ್ಯಾಡs ಬ್ಯಾಡ. ಉಪ್ಪಿನಕಾಯಿ ಇದ್ದಂಗ ಇದು. ಗಿಡಕ್ಕ ಕೈ ಹಚ್ಚೂದಿಲ್ಲ, ಭರಣ್ಯಾಗಿಂದ ತಗದ ತಿನ್ನೂದು.”

ಲಿಂಬೆ ಸಂಘದವನಿಗೆ ಉಪ್ಪಿನಕಾಯಿಯ ಮಾತು ತಿಳಿಯದಿದ್ದೀತೆ? ಖಂಡೆಪ್ಪ ಪೂರ್ತಿ ತಿಳಿದವನಂತೆ ತಲೆಯಾಡಿಸಿ, ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ ಇಂಡಿಯ ಬಸ್ಸು ಹತ್ತಿದ.

ಇಂಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನೇರ ಮನೆಗೆ ಹೋಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಗಲ ಮೇಲೆ ಲ್ಯಾಪ್‌ಟಾಪ್ ಇದ್ದವನು ಚಹಾ ಕುಡಿಯದೆ ಮನೆಗೆ ಹೋಗುವುದು ಸರಿಯಲ್ಲ. ಹೋಟೆಲಿನಲ್ಲಿ ಬಾಗೇವಾಡಿ ಶಾಖೆಯ ಗುಮಾಸ್ತ ಪರಶು ಕೂತಿದ್ದ. ಖಾಲಿ ಚೀಲ ಒಯ್ಯಲು ಬಂದವನು. ಚೀಲ ಬದಿಗಿಟ್ಟು ಕೇಳಿದ:

“ಏನ ಖಂಡೆಪ್ಪಣ್ಣ, ದೊಡ್ಡ ಬ್ಯಾಗು?”

ಖಂಡೆಪ್ಪ ಬಸಿಯಲ್ಲಿ ಚಹಾ ಸುರಿದುಕೊಂಡು, ಊದಿ, ಒಂದು ಗುಟುಕು ಹೀರಿ ಉತ್ತರಿಸಿದ. “ಬ್ಯಾಗಿನ ಮಾತ ಬಿಡು. ಐದ ಮಂದಿ ಏಜೆಂಟರು ಸಿಕ್ಕಾರ ನನ್ನ ಕೈಯಾಗ. ಸಂಘದ್ದ ಎಲ್ಲಾ ತಪಾಸ ಮಾಡ್ತಾರ. ಸಿಂದಗಿ, ಮುದ್ದೇಬಿಹಾಳ, ನಿಮ್ಮ ಬಾಗೇವಾಡಿ. ಎಲ್ಲಿ ದುಡಿಯಾಕತ್ತಾರ, ಎಲ್ಲಿ ಮಲಗ್ಯಾರ, ಒಂದೂ ಬಿಡೂದಿಲ್ಲ. ಸಭಾದಾಗ ಎಲ್ಲಾರ ಮುಂದ ಓದಿ ಹೇಳ್ತಾರ.”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ‘ಹೇಳ್ತಾವು’ ಎನ್ನುವ ಕಡೆ ‘ಹೇಳ್ತಾರ’ ಎಂದಿದ್ದ, ಅಷ್ಟೆ. ತನ್ನ ಕೈಕೆಳಗೆ ಕೆಲಸ ಮಾಡುವವರಿಗೆ ಮುಖ್ಯಸ್ಥನಾದವನು ಕೊಡಬೇಕಾದ ಮರ್ಯಾದೆ ಅದು. ಮಷೀನು ಎಂಬ ಮಾತೊಂದು ಮಾತ್ರ ಚಹಾದ ಜೊತೆ ಗಂಟಲಿಗಿಳಿದುಹೋಗಿತ್ತು.

ಪರಶು ಚಹಾ ಅರ್ಧಕ್ಕೇ ಬಿಟ್ಟು ಎದ್ದ. ಹೋಟೆಲಿನ ಮೆಟ್ಟಿಲಲ್ಲೇ ನಿಂತು ಬಾಗೇವಾಡಿಗೆ, ತನ್ನ ಜೊತೆಗಾರ ಗುಮಾಸ್ತ ಜೈನುದ್ದೀನನಿಗೆ ಫೋನು ಹಚ್ಚಿದ. ಜೈನುದ್ದೀನ ಮುದ್ದೇಬಿಹಾಳದ ಮಶಾಕಸಾಬರಿಗೆ ಹಚ್ಚಿದ. ಮಶಾಕಸಾಬರು ಸಿಂದಗಿಯ ಸಂಜೀವಕುಮಾರನಿಗೆ ಹಚ್ಚಿದರು. ಬಾಗೇವಾಡಿಗೆ ಮುಟ್ಟಿದಾಗ ಏಜೆಂಟರು ಐದೇ ಮಂದಿ ಇದ್ದರು. ಮುದ್ದೇಬಿಹಾಳಕ್ಕೆ ಮುಟ್ಟುವಷ್ಟರಲ್ಲಿ ಅವರು ದಿಲ್ಲಿಯವರಾಗಿದ್ದರು. ಸಿಂದಗಿಗೆ ಹೋಗುವಷ್ಟರಲ್ಲಿ ಅವರಿಗೆ ಕರಿ ಕನ್ನಡಕ ಬಂದಿತ್ತು.

ಖಂಡೆಪ್ಪ ಮನೆಗೆ ಮುಟ್ಟುವ ಮೊದಲೇ ಸುದ್ದಿ ಅವನ ಮನೆಗೂ ಮುಟ್ಟಿತ್ತು. ಹೆಂಡತಿ ಜಯಮಾಲಾ ಕಡಲೆಬೇಳೆ ಅಳೆಯುತ್ತ ಕೂತಿದ್ದಳು. ಪಕ್ಕದ ಮನೆಯ ಹನಮವ್ವ ಸಲಹೆ ಕೊಡಲು ಬಂದು ಕೂತಿದ್ದಳು.

“ಅಲ್ರಿ, ಐದ ಮಂದಿ ಬರ್ತಾರಂತ, ಮನಿಯಾಗ ಒಂದ ಮಾತ ಹೇಳಬಾರದೇನ್ರಿ? ಹೋಳಿಗಿ ಅಂದ್ರ ಹೊತ್ತ ಬೇಕು,” ಎಂದಳು ಜಯಮಾಲಾ.

“ಅವ್ರು ಉಣ್ಣೂದಿಲ್ಲ.”

ಜಯಮಾಲಾಳ ಸೇರು ನಿಂತಿತು. “ನಮ್ಮ ಮನಿಯಾಗ ಉಣ್ಣೂದಿಲ್ಲೋ, ಯಾರ ಮನಿಯಾಗೂ ಉಣ್ಣೂದಿಲ್ಲೋ?”

“ಯಾರ ಮನಿಯಾಗೂ ಉಣ್ಣೂದಿಲ್ಲ.”

“ಚಹಾ?”

“ಚಹಾನೂ ಇಲ್ಲ.”

“ಮಕ್ಕೊಳ್ಳಾಕ ಎಲ್ಲಿ ಹಾಸಬೇಕು?”

“ಮಕ್ಕೊಳ್ಳೂದಿಲ್ಲ ಜಯಮಾಲಾ ಅವ್ರು. ಹಗಲಿ ರಾತ್ರಿ ಓದೂದೊಂದ ಕೆಲಸ. ಬ್ಯಾಗಿನಾಗ ಇರ್ತಾರ.”

ಕೊನೆಯ ಮಾತು ಇಬ್ಬರಿಗೂ ಕೇಳಿಸಲಿಲ್ಲ, ಏಕೆಂದರೆ ಹನಮವ್ವ ಅಷ್ಟರಲ್ಲಿ ನಿಟ್ಟುಸಿರುಬಿಟ್ಟಿದ್ದಳು. “ಉಣ್ಣಾಕ ಬ್ಯಾಡ, ಹಾಸಾಕ ಬ್ಯಾಡ. ಅಂಥವರನ ಕಟಗೊಂಡಾಕಿ ಯಾವ ಪುಣ್ಯಾ ಮಾಡಿದ್ದಳೋ.”

ಬೇಳೆಯನ್ನು ಜಯಮಾಲಾ ತಿರುಗಿ ಡಬ್ಬಿಗೆ ಹಾಕಲಿಲ್ಲ. ಉಣ್ಣುವುದಿಲ್ಲ ಎಂದು ಹೇಳಿ ಬಂದವರೇ ಹೆಚ್ಚು ಉಣ್ಣುತ್ತಾರೆ ಎಂಬುದು ಅವಳ ತವರುಮನೆಯಿಂದ ಕಲಿತ ಪಾಠ.

ಇತ್ತ ಶಾಖೆಗಳಲ್ಲಿ ಹೊಸ ಯುಗ ಆರಂಭವಾಯಿತು. ಸಿಂದಗಿಯ ಸಂಜೀವಕುಮಾರ ಕಚೇರಿಯ ಬಾಗಿಲನ್ನು ಬೆಳಿಗ್ಗೆಯೇ ತೆಗೆದ. ಎದುರಿನ ಪಾನ್ ಅಂಗಡಿಯವನು ಕಳ್ಳರು ಹೊಕ್ಕಿದ್ದಾರೆ ಎಂದು ಓಡಿ ಬಂದ. ಬಾಗೇವಾಡಿಯಲ್ಲಿ ಪರಶು, ಜೈನುದ್ದೀನ ಇಬ್ಬರೂ ಒಂದೇ ದಿನ ಕಚೇರಿಗೆ ಬಂದರು. ಅಲ್ಲಿದ್ದದ್ದು ಒಂದೇ ಕುರ್ಚಿ ಎಂಬುದು ಆಗ ಇಬ್ಬರಿಗೂ ಗೊತ್ತಾಯಿತು. ಮಸೂತಿ ಹಳ್ಳಿಯಿಂದ ಲಿಂಬೆ ತಂದ ರೈತನೊಬ್ಬ ಇಬ್ಬರನ್ನೂ ಒಟ್ಟಿಗೆ ನೋಡಿ, ಇವತ್ತು ಯಾರೋ ತೀರಿಕೊಂಡಿರಬೇಕು ಎಂದುಕೊಂಡು ಸುಮ್ಮನೆ ಮೂಲೆಯಲ್ಲಿ ನಿಂತ.

ಸಂಜೀವಕುಮಾರ ಖಂಡೆಪ್ಪನಿಗೆ ಫೋನು ಮಾಡಿದ. ಓದಿದವನು, ಇಸ್ತ್ರಿ ಅಂಗಿಯವನು, ಖಂಡೆಪ್ಪನನ್ನು ಈವರೆಗೆ ‘ಏ ಖಂಡೆಪ್ಪ’ ಎಂದೇ ಕರೆಯುತ್ತಿದ್ದವನು.

“ಖಂಡೆಪ್ಪನವರ, ಆರಾಮದೀರಿ? ಆ ಏಜೆಂಟರಿಗೆ ಏನರೆ ಬೇಕಾದ್ರ ನಮ್ಮ ಕಡಿಂದ...”

“ಏನೂ ತಗೊಳ್ಳೂದಿಲ್ರಿ ಅವ್ರು.”

“ಸಿಂದಗಿಗೆ ಯಾವತ್ತ ಬರ್ತಾರ? ನಾ ಇರ್ತೇನಿ.”

“ಬರೂ ಕೆಲಸ ಇಲ್ರಿ. ಮಾರ್ಚದಾಗ ಎಲ್ಲಾ ತಗದ ಇಟ್ಟಾಗೇತಿ. ಅದನ್ನ ಓದತಾರ ಅಷ್ಟ.”

ಮಾರ್ಚ್ ತಿಂಗಳನ್ನು ಸಂಜೀವಕುಮಾರ ಹೆಂಡತಿಯ ತಂಗಿಯ ಮದುವೆಯಲ್ಲಿ ಕಳೆದಿದ್ದ. “ಮಾರ್ಚದಾಗನs ಯಾಕ? ಈಗಿಂದ ನೋಡಂದ್ರ ನೋಡೂದಿಲ್ಲೇನ?”

“ಇಲ್ರಿ. ಈಗ ಎಷ್ಟ ಛಲೋ ಮಾಡಿದ್ರೂ ಅವ್ರಿಗೆ ಕಾಣಂಗಿಲ್ಲ. ಮಾರ್ಚದಾಗ ಹೆಂಗಿತ್ತೋ ಹಂಗ ಹೇಳ್ತಾರ.”

“ನೆಟ್ ಹ್ವಾದ್ರ?”

“ನೆಟ್ ಬ್ಯಾಡ್ರಿ ಅವ್ರಿಗೆ.”

“ಕರೆಂಟ್?”

“ಬ್ಯಾಟರಿ ಮ್ಯಾಲ ನಡೀತಾರ.”

ಸಂಜೀವಕುಮಾರ ಫೋನಿಟ್ಟ. ಖಂಡೆಪ್ಪ ಹೇಳಿದ ಒಂದೊಂದು ಮಾತೂ ನಿಜ. ನಿಜ ಹೇಳಿ ಇಷ್ಟು ಜನರನ್ನು ಹೆದರಿಸಿದವನು ನಾಲ್ಕು ತಾಲ್ಲೂಕಿನಲ್ಲಿ ಮತ್ತೊಬ್ಬನಿರಲಿಲ್ಲ.

ಸಭೆಯ ದಿನ ಬಂತು. ಇಂಡಿಯ ಸಂಘದ ಹಾಲ್ ತುಂಬಿ, ಕಿಟಕಿಯಲ್ಲೂ ಜನ ಕೂತರು. ಲಿಂಬೆಯ ಧಾರಣೆ ಕೇಳಲೂ ಬಾರದಿದ್ದ ರೈತರು ಏಜೆಂಟರನ್ನು ನೋಡಲು ಬಂದಿದ್ದರು. ವೇದಿಕೆಯ ಮೇಲೆ ಐದು ಖಾಲಿ ಕುರ್ಚಿ, ಐದು ಹಾರ. ಹಾಕಿಸಿದವರು ಮಶಾಕಸಾಬರು. ಖಂಡೆಪ್ಪ ಒಬ್ಬನೇ ಬ್ಯಾಗು ಹಿಡಿದು ಒಳಗೆ ಬಂದಾಗ ಎಲ್ಲರೂ ಅವನ ಹಿಂದೆ ಬಾಗಿಲ ಕಡೆ ನೋಡಿದರು.

“ಏಜೆಂಟರೆಲ್ಲಿ?” ಎಂದರು ಪರಮಾನಂದ ಸಾಹುಕಾರರು.

“ಬಂದಾರ್ರಿ,” ಎಂದು ಖಂಡೆಪ್ಪ ಲ್ಯಾಪ್‌ಟಾಪ್ ತೆಗೆದು ನಡುವಿನ ಕುರ್ಚಿಯ ಮೇಲಿಟ್ಟ. “ಇದರಾಗ ಅದಾರ.”

ಹಾಲಿನಲ್ಲಿ ಗುಜುಗುಜು ಎದ್ದಿತು. ಮುಂದಿನ ಸಾಲಿನ ಹಿರಿಯರೊಬ್ಬರು ಅದನ್ನು ಬಿಡಿಸಿ ಹೇಳಿದರು: “ಮುಖಾ ತೋರಸೂದಿಲ್ಲ ಅವ್ರು. ಗುಪ್ತ ಇಲಾಖೆದವರು. ದನಿ ಅಷ್ಟ ಕೇಳಸತೈತಿ.” ಎಲ್ಲರಿಗೂ ಇದು ಸರಿಯೆನಿಸಿತು. ಮಶಾಕಸಾಬರು ಐದೂ ಹಾರವನ್ನು ಲ್ಯಾಪ್‌ಟಾಪಿಗೆ ಹಾಕಲು ಹೋದರು. ಪರದೆ ಕಾಣುವುದಿಲ್ಲವೆಂದು ಖಂಡೆಪ್ಪ ತಡೆದ.

ಸೌಂದರ್ಯಾ ಉಳಿಸಿಟ್ಟ ಮಾಹಿತಿಯನ್ನು ಅವನು ಲೋಡ್ ಮಾಡಿದ. ಪರದೆಯ ಮೇಲೆ ನೀಲಿ ಗೆರೆಯೊಂದು ಆರಾಮಾಗಿ ತೆವಳುತ್ತ ಹೋಗತೊಡಗಿತು. ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೀವಕುಮಾರನ ಮುಖದಲ್ಲಿ ಒಂದು ಗಳಿಗೆ ಬೆಳಕು ಬಂತು. ನೀಲಿ ಗೆರೆ ನಿಲ್ಲಲಿಲ್ಲ. ಅವನ ಬೆಳಕು ಆರಿತು.

ಲ್ಯಾಪ್‌ಟಾಪಿನಿಂದ ಹೆಣ್ಣು ದನಿಯೊಂದು ಪುಸ್ತಕದ ಕನ್ನಡದಲ್ಲಿ, ತೀರ್ಪು ಓದುವ ಗತ್ತಿನಲ್ಲಿ ಹೊರಟಿತು.

“ಪರಿಶೀಲನೆ ಮುಗಿದಿದೆ. ಮೊದಲನೆಯದು, ಸಿಂದಗಿ. ಸಿಂದಗಿ ಬಹುಕಾಲದಿಂದ ಯಾವುದೇ ಕೆಲಸ ಮಾಡಿಲ್ಲ. ಬಾಡಿಗೆ ಮಾತ್ರ ತಪ್ಪದೆ ನಡೆದಿದೆ.”

ಸಂಜೀವಕುಮಾರ ಎದ್ದು ನಿಂತ. ಎದ್ದ ಮೇಲೆ ಕೂರಲು ಆಗಲಿಲ್ಲ, ಮಾತಾಡಬೇಕಾಯಿತು. “ಬಾಡಿಗಿದೂ ಗೊತ್ತಾತೇನ್ರಿ? ಸಾಹುಕಾರ್ರ, ಮುಂದಿನ ಖೋಲಿ ಸುಮ್ಮ ಬಿದ್ದಿತ್ತು. ಟೇಲರ್ ಒಬ್ಬಾಂವ ಕೇಳಿದ, ಕೊಟ್ಟೆ. ನಾ ಒಳಗ ಕುಂದ್ರಬೇಕಂದ್ರ ಅವನ ಮಷೀನು ದಾಟಿ ಹೋಗಬೇಕು. ಹೊಲಿಯಾಂವಗ ತ್ರಾಸ ಯಾಕಂತ ಮನಿಯಾಗs ಇದ್ದೆ.”

ಟೇಲರನ ವಿಷಯ ಸಿಂದಗಿಯ ಬಹಳ ಜನಕ್ಕೆ ಗೊತ್ತಿತ್ತು. ಆದರೆ ಇಂಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಎರಡನೆಯದು, ಬಾಗೇವಾಡಿ,” ಎಂದಿತು ದನಿ. ಅದಕ್ಕೆ ಯಾರ ಮುಲಾಜೂ ಇರಲಿಲ್ಲ. “ಇಲ್ಲಿ ಒಂದೇ ಕೆಲಸಕ್ಕೆ ಎರಡು ಇವೆ. ಒಂದು ಎಚ್ಚರವಿದ್ದಾಗ ಇನ್ನೊಂದು ಮಲಗಿರುತ್ತದೆ. ಒಂದನ್ನು ತೆಗೆದುಹಾಕಬಹುದು.”

ಪರಶು ಜೈನುದ್ದೀನನನ್ನು ನೋಡಿದ. ಜೈನುದ್ದೀನ ಮೇಲಿನ ಫ್ಯಾನು ನೋಡಿದ. ಅದೂ ನಿಂತಿತ್ತು.

“ಖರೇ ಐತ್ರಿ,” ಎಂದ ಪರಶು. “ಒಂದಿನಾ ಅಂವ, ಒಂದಿನಾ ನಾನು. ಕೆಲಸ ಒಬ್ಬನ ಕೆಲಸ. ಆದ್ರ ತಗಿಯೂದಿದ್ರ ನನ್ನ ತಗೀರಿ. ನನಗ ಎರಡ ಎಕರೆ ಐತಿ. ಅವಂಗ ಏನೂ ಇಲ್ಲ.”

“ನಿನಗ ಯಾರ ಕೇಳಿದ್ರು?” ಜೈನುದ್ದೀನ ಸಿಟ್ಟಿನಿಂದ ಎದ್ದ. “ನೀ ಹ್ವಾದ ಮ್ಯಾಲ ಆ ಕಚೇರಿಯಾಗ ನಾ ಯಾರ ಕೂಡ ಮಾತಾಡ್ಲಿ? ಸಾಹುಕಾರ್ರ, ನನ್ನ ತಗೀರಿ. ಇವನ ಮಾತ ಕೇಳಬ್ಯಾಡ್ರಿ, ಎರಡ ಎಕರೆ ಅಂತಾನ, ಅದರಾಗ ಒಂದೂವರಿ ಬರೇ ಕಲ್ಲು.”

“ನನ್ನ ಹೊಲದ ಸುದ್ದಿಗೆ ಬರಬ್ಯಾಡ.”

ಕೆಲಸ ಬಿಡಲು ಇಬ್ಬರು ಕೈಕೈ ಹಿಡಿದು ಜಗಳಾಡಿದ್ದನ್ನು ಸಂಘ ಅಂದೇ ಮೊದಲು ಕಂಡದ್ದು. ಅವರನ್ನು ಬಿಡಿಸಿ ಕೂರಿಸುವಷ್ಟರಲ್ಲಿ ದನಿ ಮುಂದೆ ಹೋಗಿತ್ತು.

“ಮೂರನೆಯದು, ಮುದ್ದೇಬಿಹಾಳ. ಇದು ಅತ್ಯಂತ ಗಂಭೀರ. ಮುದ್ದೇಬಿಹಾಳದ ಬಾಗಿಲು ಹೊರಗಿನ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ಒಳಗೆ ಬರಬಹುದು. ಕೂಡಲೇ ಮುಚ್ಚಬೇಕು.”

ಮಶಾಕಸಾಬರು ನಿಧಾನವಾಗಿ ಎದ್ದರು. ಉಳಿದವರಂತೆ ಅವರು ತಲೆ ತಗ್ಗಿಸಲಿಲ್ಲ. ಹಾರಗಳಲ್ಲಿ ಒಂದು ಇನ್ನೂ ಅವರ ಕೈಯಲ್ಲೇ ಇತ್ತು.

“ನಮ್ಮ ಆಫೀಸ ಬಸ್‌ಸ್ಟ್ಯಾಂಡ್ ಬಾಜೂಕ ಐತ್ರಿ. ಬ್ಯಾಸಗಿ ಬಿಸಲಾಗ ಕೂಸ ಎತಗೊಂಡ ಹೆಣ್ಮಕ್ಕಳು ನಿಂತಿರ್ತಾರ. ಪರೀಕ್ಷಾಕ್ಕ ಬಂದ ಹುಡುಗ್ಯಾರು ಇರ್ತಾರ. ಒಳಗ ಬರ್ರಿ, ನೀರ ಕುಡೀರಿ ಅಂತೇನಿ. ಬಾಗಲಾ ಹಾಕೂದು ನನ್ನ ಕೈಲೆ ಆಗಂಗಿಲ್ರಿ ಸಾಹುಕಾರ್ರ. ದಿಲ್ಲಿ ಏಜೆಂಟರು ಅಂದ್ರೂ ಆಗಂಗಿಲ್ಲ. ಬೇಕಾದ್ರ ಕೀಲಿಕೈ ತಗೋರಿ.”

ಹಿಂದಿನ ಸಾಲಿನ ಹೆಂಗಸರು ಕೈ ತಟ್ಟಿದರು. ಅವರಲ್ಲಿ ಇಬ್ಬರು ಆ ನೀರು ಕುಡಿದವರು.

ಇಲ್ಲಿಗೆ ಖಂಡೆಪ್ಪನಿಗೆ ತಡೆಯಲಾಗಲಿಲ್ಲ. ಅವನು ಜಂಬದವನು, ಗಲಿಬಿಲಿಯವನು, ಆದರೆ ಕೆಟ್ಟವನಲ್ಲ. ಮಶಾಕಸಾಬರ ಕೀಲಿಕೈ ಮೇಜಿನ ಮೇಲೆ ಬೀಳುವುದನ್ನು ನೋಡಿ ಅವನು ನಡುವಿನ ಕುರ್ಚಿಯ ಕಡೆ ಧಾವಿಸಿದ. ಲ್ಯಾಪ್‌ಟಾಪಿನ ಗುಂಡಿ ಒತ್ತಿ ದನಿ ನಿಲ್ಲಿಸಿ, ಜನರ ಕಡೆ ತಿರುಗಿದ.

“ಎಲ್ಲಾರೂ ಕುಂದರ್ರಿ. ನಾ ಒಂದ ಮಾತ ಹೇಳ್ತೇನಿ. ಇದು ನಿಮ್ಮ ಸುದ್ದಿ ಅಲ್ಲ. ಬಾಡಿಗಿ ಹಿಡದ ಮಷೀನಿನ ಸುದ್ದಿ. ಆ ಮಷೀನಿಗೆ ಊರಿನ ಹೆಸರ ಇಟ್ಟಾರ. ಸಿಂದಗಿ ಅಂದ್ರ ಸಂಜೀವಕುಮಾರ ಅಲ್ಲ, ಒಂದ ಮಷೀನು. ಬಾಗೇವಾಡಿ ಅಂದ್ರ ಪರಶು, ಜೈನುದ್ದೀನ ಅಲ್ಲ, ಮಷೀನು. ಬಾಗಲಾ ಅಂದ್ರ ಮಶಾಕಸಾಬರ ಬಾಗಲಾ ಅಲ್ಲ. ಏಜೆಂಟರೂ ಮನಶಾರಲ್ಲ.”

ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು. ಮುಂದಿನ ಸಾಲಿನ ಅದೇ ಹಿರಿಯರು ಕಣ್ಣೊರೆಸಿಕೊಂಡರು.

“ನೋಡ್ರೋ ದೊಡ್ಡ ಮನಸ. ನಾಲ್ಕ ಮಂದಿ ಮಾನ ಉಳಸಾಕ ಮಷೀನಿನ ಮ್ಯಾಲ ಹಾಕಾಕತ್ತಾನ.”

“ಇಲ್ರಿ, ಖರೇನs ಮಷೀನ...”

“ಸಾಕ ಬಿಡ್ರಿ ಖಂಡೆಪ್ಪನವರ,” ಎಂದ ಸಂಜೀವಕುಮಾರ. “ಟೇಲರ್‌ನ ಸುದ್ದಿ ಮಷೀನಿಗೆ ಹೆಂಗ ಗೊತ್ತಾಗತೈತಿ? ನೀವು ನನ್ನ ಮುಚ್ಚಾಕ ನೋಡಬ್ಯಾಡ್ರಿ. ನಾಳಿಂದ ನಾ ಕಚೇರಿಯಾಗ ಇರ್ತೇನಿ. ಟೇಲರ್ ಹೊರಗ ಕಟ್ಟಿ ಮ್ಯಾಲ ಹೊಲೀತಾನ.”

ಖಂಡೆಪ್ಪ ಇನ್ನೂ ಎರಡು ಸಲ ಸತ್ಯ ಹೇಳಿದ. ಹೇಳಿದಷ್ಟೂ ಅವನ ಮೇಲಿನ ಗೌರವ ಏರುತ್ತಹೋಯಿತು. ಮತ್ತೊಮ್ಮೆ ಹೇಳಿದರೆ ಸನ್ಮಾನ ಮಾಡಿಬಿಡುತ್ತಾರೆಂದು ಹೆದರಿ ಸುಮ್ಮನಾದ.

ಪರಮಾನಂದ ಸಾಹುಕಾರರು ತೀರ್ಮಾನ ಹೇಳಿದರು. ಮಶಾಕಸಾಬರ ಕೀಲಿಕೈ ಅವರಿಗೇ ವಾಪಸ್. ಜೊತೆಗೆ ಸಂಘದ ವತಿಯಿಂದ ಒಂದು ದೊಡ್ಡ ನೀರಿನ ಟಾಕಿ. ಬಾಗೇವಾಡಿಯ ಇಬ್ಬರನ್ನೂ ತೆಗೆಯುವುದಿಲ್ಲ. ಒಬ್ಬ ಕಚೇರಿಯಲ್ಲಿ ಕೂರಬೇಕು, ಒಬ್ಬ ಹಳ್ಳಿಗಳಿಗೆ ಹೋಗಿ ಲಿಂಬೆ ತರಬೇಕು, ದಿನ ಬಿಟ್ಟು ದಿನ ಅದಲುಬದಲು. ಇಷ್ಟು ಹೇಳಿ ಸಾಹುಕಾರರು ಅವಸರದಿಂದ ಎದ್ದರು.

“ಮತ್ತೇನಿಲ್ಲ. ಸಭಾ ಮುಗೀತು.”

“ಇಂಡಿ ಉಳೀತಲ್ರಿ,” ಎಂದಳು ಹಿಂದಿನಿಂದ ಒಬ್ಬ ಹೆಂಗಸು.

ಸಾಹುಕಾರರು ಎದ್ದವರು ಹಾಗೇ ನಿಂತರು. ಇಂಡಿ ಎಂದರೆ ಮುಖ್ಯ ಕಚೇರಿ. ಮುಖ್ಯ ಕಚೇರಿ ಎಂದರೆ ಅವರು. “ಅದ್ಯಾಕ ಈಗ, ಹೊತ್ತಾತು,” ಎಂದು ನೋಡಿದರು. ಆದರೆ ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳದವರೆಲ್ಲ ತಮ್ಮದು ಕೇಳಿಸಿಕೊಂಡಾಗಿತ್ತು. ಇಂಡಿಯದು ಕೇಳದೆ ಏಳುವವರಾಗಿರಲಿಲ್ಲ. ಖಂಡೆಪ್ಪ ಸಾಹುಕಾರರನ್ನು ನೋಡಿದ, ಜನರನ್ನು ನೋಡಿದ, ಗುಂಡಿ ಒತ್ತಿದ.

“ನಾಲ್ಕನೆಯದು, ಇಂಡಿ,” ಎಂದಿತು ದನಿ. “ಇದು ಏನು ಕೆಲಸ ಮಾಡುತ್ತದೆ ಎಂಬುದು ಎಲ್ಲಿಯೂ ಸ್ಪಷ್ಟವಾಗಿಲ್ಲ.”

ಅರ್ಧ ಹಾಲ್ ಸಾಹುಕಾರರ ಕಡೆ ತಿರುಗಿತು. ಸಾಹುಕಾರರು ಟೋಪಿ ತೆಗೆದು ಒಳಗೆ ಏನೋ ಹುಡುಕತೊಡಗಿದರು.

“ಬಹಳ ಹಳೆಯದು. ಇದನ್ನು ನೋಡಿಕೊಳ್ಳುವವರು ಯಾರೂ ಇಲ್ಲ. ಇದರ ಕಡೆ ಯಾರೂ ಗಮನ ಕೊಟ್ಟಂತಿಲ್ಲ. ಆದರೆ ಇದನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಉಳಿದ ಎಲ್ಲವೂ ಇದನ್ನೇ ನಂಬಿಕೊಂಡು ನಡೆಯುತ್ತಿವೆ.”

ದನಿ ನಿಂತಿತು. ಹಾಲಿನ ತಲೆಗಳು ಒಂದೊಂದಾಗಿ ಸಾಹುಕಾರರನ್ನು ಬಿಟ್ಟು, ಮೆಲ್ಲಗೆ ಈ ಕಡೆ ತಿರುಗಿದವು. ಕಿಟಕಿಯಲ್ಲಿ ಕೂತವರು, ಹಿಂದಿನ ಸಾಲಿನಲ್ಲಿದ್ದ ಜಯಮಾಲಾ, ಕೊನೆಗೆ ಟೋಪಿಯಿಂದ ತಲೆಯೆತ್ತಿದ ಪರಮಾನಂದ ಸಾಹುಕಾರರು ಕೂಡ. ಎಲ್ಲರೂ ನೋಡುತ್ತಿದ್ದದ್ದು ಖಂಡೆಪ್ಪನನ್ನು.

ಅದೂ ಮಷೀನಿನ ಮಾತೇ ಎಂದು ಹೇಳಲು ಖಂಡೆಪ್ಪ ಬಾಯಿ ತೆರೆದ. ಜಯಮಾಲಾ ಸೆರಗಿನಿಂದ ಕಣ್ಣಂಚು ಒತ್ತಿಕೊಳ್ಳುವುದು ಕಾಣಿಸಿತು. ಸಿಂದಗಿಯವರದನ್ನು ತಿದ್ದಿದ್ದ, ಬಾಗೇವಾಡಿಯವರದನ್ನು ತಿದ್ದಿದ್ದ, ಮುದ್ದೇಬಿಹಾಳದ್ದನ್ನು ಕೂಡ ತಿದ್ದಿದ್ದ.

ಇದೊಂದನ್ನು ಅವನು ತಿದ್ದಲಿಲ್ಲ.